ಕಟಿಂಗ್ ಮೇಜಿನ ಮೇಲೆ ಎರಡು ಸತ್ಯವೇದ

ಜೂನ್ ತಿಂಗಳ ಎರಡನೆಯ ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಸ್ಥಳ, ರಾಯದುರ್ಗದ ನಮ್ಮ ಹೊಲಿಗೆ ಶೆಡ್ಡು. ಹಾಜರಿದ್ದವರು: ಶೆಡ್ಡಿನ ಸೂಪರ್‌ವೈಸರ್ ಆಗಿದ್ದ ನಾನು, ಕಟಿಂಗ್ ಮಾಸ್ಟರ್ ದಾನಿಯೇಲಪ್ಪ, ಓವರ್‌ಲಾಕ್ ಮೆಷಿನ್ ನಡೆಸುತ್ತಿದ್ದ ಅವರ ಮಗಳು ಎಸ್ತೇರು, ಮತ್ತು ಶೆಡ್ಡಿನ ಮಾಲೀಕ ತಿಪ್ಪೇಸ್ವಾಮಿ, ಯಾರೂ ಕರೆಯದಿದ್ದರೂ ಬಂದು ಕೂತವರು. ವಿಷಯ, ನನ್ನ ತಮ್ಮನ ಮಗ ರತ್ನರಾಜನಿಗೆ ಎಸ್ತೇರನ್ನು ಕೇಳುವುದು.

ಹೀಗೆ ಹೊತ್ತು, ಜಾಗ, ಜನ ಹೇಳಿಯೇ ಮಾತು ಶುರು ಮಾಡುವುದು ನನಗೆ ಮಿಷನ್ ಬೋರ್ಡಿಂಗ್ ಶಾಲೆಯಿಂದ ಬಂದ ಅಭ್ಯಾಸ. ಅಲ್ಲಿ ಏಳುವುದಕ್ಕೆ ಒಂದು ಗಂಟೆ, ಸ್ನಾನಕ್ಕೆ ಒಂದು ಗಂಟೆ, ಪ್ರಾರ್ಥನೆಗೆ ಒಂದು ಗಂಟೆ ಬಾರಿಸುತ್ತಿದ್ದರು. ಈಗ ಮಡಕಶಿರದಲ್ಲಿ ಒಬ್ಬಳೇ ಇದ್ದರೂ ಆ ಗಂಟೆಗಳ ಪ್ರಕಾರವೇ ನನ್ನ ದಿನ ನಡೆಯುತ್ತದೆ. ಮೊನ್ನೆ ಪಕ್ಕದ ಮನೆಯ ಹುಡುಗಿ ಹೊಸ ಜೀನ್ಸ್ ಪ್ಯಾಂಟು ತಂದು, "ಅಜ್ಜೀ, ಕಾಲು ಉದ್ದ ಆಗೈತೆ, ಒಂಚೂರು ಮಡಚಿ ಹೊಲಿದ್ಕೊಡಿ" ಅಂದಳು. ಕವರಿನಿಂದ ಬಟ್ಟೆ ತೆಗೆದಾಗ ನೀಲಿಬಣ್ಣ, ಗಂಜಿ, ಮೆಷಿನ್ ಎಣ್ಣೆ ಮೂರೂ ಬೆರೆತ ವಾಸನೆ ಮೂಗಿಗೆ ಬಂತು. ಹೊಲಿಗೆ ಮುಗಿಸುವಷ್ಟರಲ್ಲಿ ಆ ಒಂದು ಮುಂಗಾರು ಮೊದಲಿನಿಂದ ಕೊನೆಯವರೆಗೆ ಕಣ್ಣ ಮುಂದೆ ಹಾದುಹೋಯಿತು.

ರಾಯದುರ್ಗದಲ್ಲಿ ಆಗ ಜೀನ್ಸ್ ಹೊಲಿಗೆಯ ಕಾಲ. ಯಾವ ಗಲ್ಲಿಗೆ ಹೋದರೂ ಮೆಷಿನ್ ಸದ್ದು. ಬೆಳಿಗ್ಗೆ ಗುಮ್ಮಘಟ್ಟದ ಕಡೆಯಿಂದ ಶೇರ್ ಆಟೋಗಳು ಹುಡುಗಿಯರನ್ನು ತುಂಬಿಕೊಂಡು ಬಂದು ಇಳಿಸುತ್ತಿದ್ದವು. ಕೆಲಸ ಕಲಿತ ಹುಡುಗರು ಬಳ್ಳಾರಿಗೆ, ಬೆಂಗಳೂರಿಗೆ ಹೋಗುತ್ತಿದ್ದರು. ಅವರು ಬಿಟ್ಟ ಮೆಷಿನ್ನಿಗೆ ಇನ್ನೊಂದು ಹಳ್ಳಿಯಿಂದ ಹೊಸಬರು ಬರುತ್ತಿದ್ದರು. ರತ್ನರಾಜನೂ ಹಾಗೆ ನಮ್ಮ ಶೆಡ್ಡಿನಲ್ಲಿ ಬಟನ್ ಹಾಕಲು ಕಲಿತು ಬಳ್ಳಾರಿಯಲ್ಲಿ ಜೀನ್ಸ್ ತೊಳೆದು ಬಣ್ಣ ಇಳಿಸುವ ವಾಷಿಂಗ್ ಯೂನಿಟ್ಟಿಗೆ ಹೋದವನು. ಹೋಗುವ ಮೊದಲೇ ಅವನೂ ಎಸ್ತೇರೂ ಮದುವೆಗೆ ಮನಸ್ಸು ಮಾಡಿಕೊಂಡಿದ್ದರು. ಅವನ ಅಪ್ಪ ಅಮ್ಮ ಮಡಕಶಿರದ ಹತ್ತಿರದ ಹಳ್ಳಿಯಲ್ಲಿ ಹಿಪ್ಪುನೇರಳೆ ಬೆಳೆಯುವವರು. ರೇಷ್ಮೆಹುಳು ಕೊನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಹಗಲೂ ರಾತ್ರಿ ಸೊಪ್ಪು ಮುಕ್ಕುವ ಹೊತ್ತು. ಬಿಟ್ಟು ಬರುವಂತಿರಲಿಲ್ಲ. "ನೀನೇ ಹೋಗಿ ಮಾತಾಡಕ್ಕಾ" ಎಂದು ನನಗೇ ಒಪ್ಪಿಸಿದರು.

ಎರಡೂ ಮನೆಯವರು ಯೇಸುವನ್ನು ನಂಬಿದವರು, ಹೋಗುವ ಸಭೆ, ಅಂದರೆ ಚರ್ಚು, ಮಾತ್ರ ಬೇರೆ. ಮಾತು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಎಂದುಕೊಂಡು ನಾನು ನಾಲ್ಕು ಗಂಟೆಗೆ ಬೇರೆ ಕೆಲಸ ಇಟ್ಟುಕೊಂಡಿದ್ದೆ. ದಾನಿಯೇಲಪ್ಪ ಚಾಪೆಯ ಮೇಲೆ ಕೂರಲಿಲ್ಲ. ಕಟಿಂಗ್ ಮೇಜಿನ ಮುಂದೆಯೇ ನಿಂತು ತಮ್ಮ ತೆಲುಗು ಸತ್ಯವೇದವನ್ನು, ಬೈಬಲ್ಲನ್ನು, ಅದರ ಮೇಲಿಟ್ಟರು.

"ಅಕ್ಕಾರ, ಹುಡುಗ ಒಳ್ಳೆಯವ. ಅದರಾಗ ನಂದು ಎರಡು ಮಾತಿಲ್ಲ. ಆದ್ರ ನಿಮ್ಮ ಸಭೆಯವ್ರು ತ್ರಯೇಕ ದೇವರು ಅಂತೀರಿ. ಆ ಪದ ಈ ಪುಸ್ತಕದಾಗ ಎಲ್ಲೈತಿ, ತೋರಿಸ್ರಿ. ತೋರಿಸಿದ್ರ ಇವತ್ತ ತಾಂಬೂಲ ಬದಲಾಯ್ಸೋಣ."

"ತೋರಿಸದೆ ಇದ್ರೆ?"

"ಹುಡುಗ ಯೇಸುವಿನ ಹೆಸರಿನಾಗ ಮತ್ತೊಮ್ಮೆ ದೀಕ್ಷಾಸ್ನಾನ ತಗೋಬೇಕು. ಹೊಳ್ಯಾಗ ಪೂರಾ ಮುಳುಗಬೇಕು."

"ಅವನಿಗೆ ಮಗುವಾಗಿದ್ದಾಗಲೇ ಆಗೈತೆ ಮಾಸ್ಟ್ರೇ. ತಂದೆಯ, ಮಗನ, ಪವಿತ್ರಾತ್ಮನ ಹೆಸರಲ್ಲಿ ಪಾದ್ರಿ ಅಯ್ಯನವರೇ ತಲೆಗೆ ನೀರು ಹಾಕಿದ್ರು. ನಾನೇ ಎತ್ಕೊಂಡಿದ್ದೆ."

"ಅದೇನು ಸ್ನಾನ ಏನ್ರಿ? ಇಸ್ತ್ರಿ ಮಾಡೋ ಮುಂದ ಬಟ್ಟಿಗೆ ನೀರು ಚಿಮುಕಿಸ್ದಂಗ!"

ಎಸ್ತೇರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ.

ಜಗಳ ಏನೆಂದು ತಿಳಿಯದವರಿಗೆ ಒಂದು ಮಾತು. ದೇವರು ಒಬ್ಬನೇ ಎಂಬುದರಲ್ಲಿ ನಮ್ಮಿಬ್ಬರಿಗೂ ಭೇದವಿರಲಿಲ್ಲ. ಆ ಒಬ್ಬನಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಿದ್ದಾರೆ, ತಂದೆಯೇ ಮಗನಲ್ಲ, ಮಗನೇ ಆತ್ಮನಲ್ಲ, ಆದರೂ ದೇವರು ಮೂವರಲ್ಲ ಎಂದು ನನ್ನ ಸಭೆ ಕಲಿಸುತ್ತದೆ. ಅದಕ್ಕೇ ತ್ರಯೇಕ ಎಂಬ ಹೆಸರು. ದಾನಿಯೇಲಪ್ಪ ಹೋಗುತ್ತಿದ್ದ ಸಣ್ಣ ಸಭೆಯವರು, ಮೂರೂ ಒಬ್ಬನದೇ ಹೆಸರುಗಳು, ಆ ಒಬ್ಬನೇ ಯೇಸು ಎನ್ನುತ್ತಿದ್ದರು. ದೀಕ್ಷಾಸ್ನಾನವೂ ಆ ಒಂದೇ ಹೆಸರಿನಲ್ಲಿ.

ತಿಪ್ಪೇಸ್ವಾಮಿಯವರು ಶನಿವಾರ ತಪ್ಪದೆ ನೇಮಕಲ್ಲಿನ ಆಂಜನೇಯನ ದರ್ಶನಕ್ಕೆ ಹೋಗುವವರು. ಇಬ್ಬರ ಮುಖ ಬಿಗಿದದ್ದು ಕಂಡು ಸಮಾಧಾನಕ್ಕೆ ಬಂದರು. "ಇದಕ್ಕ್ಯಾಕ್ರಿ ಇಷ್ಟು? ನಮ್ಮ ದತ್ತಾತ್ರೇಯಗ ಮೂರು ತಲಿ ಅದಾವ. ದೇವರು ಒಬ್ಬ, ತಲಿ ಮೂರು. ಮುಗೀತಲ್ಲ!"

"ಅಲ್ಲ!" ನಾನೂ ದಾನಿಯೇಲಪ್ಪನೂ ಒಟ್ಟಿಗೇ ಅಂದೆವು. ಆ ದಿನ ನಮ್ಮಿಬ್ಬರ ನಡುವೆ ಆದ ಒಪ್ಪಂದ ಅದೊಂದೇ.

ಮುಂದಿನ ವಾರ ರತ್ನರಾಜ ಬಳ್ಳಾರಿಯಿಂದ ಬಂದ. ಬೆರಳೆಲ್ಲ ವಾಷಿಂಗಿನ ನೀಲಿ. ವಿಷಯ ಕೇಳಿ ಅವನಿಗೆ ಚಿಂತೆಯೇ ಆಗಲಿಲ್ಲ.

"ಅಷ್ಟೇನಾ ಅತ್ತೆ? ಮುಳುಗ್ತೀನಿ ಬಿಡಿ. ದಿನಾ ನೀರಲ್ಲೇ ನಿಂತಿರ್ತೀನಿ. ಎಸ್ತೇರಿಗೋಸ್ಕರ ಬೇಕಾದ್ರೆ ಹತ್ತು ಸಲ ಮುಳುಗ್ತೀನಿ."

"ಅದಕ್ಕೇ ಬೇಡ ಅನ್ನೋದು. ದೇವರ ಹೆಸರಲ್ಲಿ ನೀರಿಗಿಳಿಯೋದು ಹುಡುಗಿಗೋಸ್ಕರ ಅಲ್ಲ ಕಣೋ. ನಂಬಿಕೆ ಇದ್ರೆ ಇಳಿ. ಐತಾ?"

ಅವನು ತಲೆ ಕೆರೆದುಕೊಂಡ. "ನಂಬಿಕೆ ಐತೆ ಅತ್ತೆ. ಆದ್ರೆ ಅದರಲ್ಲಿ ಮೂರೋ ಒಂದೋ, ಯಾವತ್ತೂ ಬಿಡಿಸಿ ನೋಡಿಲ್ಲ."

ನಿಜ ಹೇಳಬೇಕೆಂದರೆ ನಾನೂ ಬಿಡಿಸಿ ನೋಡಿರಲಿಲ್ಲ. ಬೋರ್ಡಿಂಗಿನಲ್ಲಿ ಪ್ರಶ್ನೋತ್ತರ ಬಾಯಿಪಾಠ. ದೇವರು ಎಷ್ಟು? ಒಬ್ಬನೇ. ದೇವರಲ್ಲಿ ಎಷ್ಟು ಮಂದಿ? ಮೂವರು. ನಿಂತು ಹೇಳಿ ಕೂರುತ್ತಿದ್ದೆವು. ಆ ಉತ್ತರವನ್ನು ನಾನು ಭಾನುವಾರದ ಶಾಲೆಯ ಮಕ್ಕಳಿಗೂ ಹಾಗೇ ದಾಟಿಸಿದ್ದೆ. ಸತ್ಯವೇದದಲ್ಲಿ ಆ ಪದ ಎಲ್ಲೋ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂಬ ಧೈರ್ಯ ಇತ್ತು. ರತ್ನರಾಜನಿಗೆ ಹೇಳಿದೆ: "ನೀನು ನೀರಿಗಿಳಿಯಬೇಡ. ನಾನು ಹುಡುಕ್ತೀನಿ."

ಅಲ್ಲಿಂದ ಭಾನುವಾರ ಮೂರು ಗಂಟೆಗೆ ಕಟಿಂಗ್ ಮೇಜಿನ ಬಳಿ ಸೇರುವುದು ನಿಯಮವಾಯಿತು. ಮೆಷಿನ್ನುಗಳಿಗೆ ಹೊದಿಕೆ ಹಾಕಿರುತ್ತಿತ್ತು. ತಗಡಿನ ಮೇಲೆ ಒಮ್ಮೊಮ್ಮೆ ನಾಲ್ಕು ಹನಿ ಬಿದ್ದು, ಮಳೆ ಬಂತೆಂದು ನಾವು ಕತ್ತೆತ್ತುವಷ್ಟರಲ್ಲಿ ನಿಲ್ಲುತ್ತಿತ್ತು. ಮೇಜಿನ ಆ ಕಡೆ ಅವರ ತೆಲುಗು ಸತ್ಯವೇದ, ಈ ಕಡೆ ನನ್ನ ಕನ್ನಡದ್ದು. ಎಸ್ತೇರು ಚಹಾ ತರುತ್ತಿದ್ದಳು. ತಿಪ್ಪೇಸ್ವಾಮಿಯವರು ಕಡಲೆಕಾಯಿ ತರುತ್ತಿದ್ದರು. ಸಿಪ್ಪೆ ಬಟ್ಟೆಯ ಮೇಲೆ ಬೀಳದ ಹಾಗೆ ಎತ್ತಿಡುವುದು ನನ್ನ ಕೆಲಸ.

ಮೊದಲನೆಯ ವಾರ ನಾನು ಭಾನುವಾರದ ಶಾಲೆಯಲ್ಲಿ ಕೊಡುತ್ತಿದ್ದ ಉದಾಹರಣೆಯನ್ನೇ ಕೊಟ್ಟೆ. "ನೋಡಿ ಮಾಸ್ಟ್ರೇ, ನೀರು ಒಂದೇ. ಗಟ್ಟಿಯಾದ್ರೆ ಮಂಜುಗಡ್ಡೆ, ಕಾಯಿಸಿದ್ರೆ ಹಬೆ. ಮೂರು ರೂಪ, ವಸ್ತು ಒಂದು."

ದಾನಿಯೇಲಪ್ಪ ಮೇಜು ಕುಟ್ಟಿದರು. "ಅದನ್ನ ನಾನೂ ಹೇಳೋದು! ಒಬ್ಬನ ಮೂರು ರೂಪ. ಅಕ್ಕಾರು ನಮ್ಮ ಸಭೆಗೆ ಬಂದ್ರು! ಎಸ್ತೇರು, ಅಕ್ಕಾರಿಗೆ ಇನ್ನೊಂದು ಕಪ್ಪು ಚಾ ಕೊಡು!"

ನನಗೆ ಆಗ ಹೊಳೆಯಿತು. ಹೌದಲ್ಲ. ಗಡ್ಡೆಯಾದ ನೀರು ಅದೇ ಹೊತ್ತಿಗೆ ಹಬೆಯಾಗಿರುವುದಿಲ್ಲ. ಯೇಸು ದೀಕ್ಷಾಸ್ನಾನ ತೆಗೆದುಕೊಂಡ ಯೊರ್ದಾನ್ ಹೊಳೆಯಲ್ಲಾದರೋ ಮಗ ನೀರಿನಲ್ಲಿದ್ದ, ಆತ್ಮ ಪಾರಿವಾಳದ ಹಾಗೆ ಇಳಿಯುತ್ತಿತ್ತು, ತಂದೆಯ ಧ್ವನಿ ಮೇಲಿನಿಂದ ಬಂತು. ಮೂರೂ ಒಂದೇ ಹೊತ್ತಿಗೆ. ಇಷ್ಟು ವರ್ಷ ಮಕ್ಕಳಿಗೆ ನನ್ನ ಸಭೆಯ ಪಾಠವೆಂದು ನಾನು ಕಲಿಸಿದ್ದು ದಾನಿಯೇಲಪ್ಪನ ಪಾಠವನ್ನು! ಸಿಟ್ಟು ಬರಬೇಕಿತ್ತು, ಬಂದದ್ದು ನಗು. ನಾನು ನಕ್ಕದ್ದು ನೋಡಿ ಅವರೂ ನಕ್ಕರು. ಚಹಾ ಮಾತ್ರ ಕುಡಿದೆ, ಸಭೆ ಬದಲಾಯಿಸಲಿಲ್ಲ.

ಆಮೇಲೆ ಉದಾಹರಣೆ ಬೇಡ, ಪುಸ್ತಕವೇ ಮಾತಾಡಲಿ ಎಂದು ಗೊತ್ತು ಮಾಡಿಕೊಂಡೆವು. ನಾನು ಬೆಳಿಗ್ಗೆ ಐದಕ್ಕೆ ಎದ್ದು ಹೊಸ ಒಡಂಬಡಿಕೆಯನ್ನು ಮತ್ತಾಯನಿಂದ ಹಿಡಿದು ಸಾಲುಸಾಲಾಗಿ ಓದಲು ತೊಡಗಿದೆ. ಓದುವುದು ಹೊಸದಲ್ಲ, ಹುಡುಕುತ್ತ ಓದುವುದು ಹೊಸದು. ಮತ್ತಾಯನ ಕೊನೆಯಲ್ಲಿ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಸ್ನಾನ ಕೊಡಿರಿ ಎಂದು ಯೇಸುಸ್ವಾಮಿಯೇ ಹೇಳುವುದು ಸಿಕ್ಕಿತು. ಗೆದ್ದೆನೆಂದು ಹೋದೆ. ದಾನಿಯೇಲಪ್ಪ ಅಪೊಸ್ತಲರ ಕೃತ್ಯಗಳನ್ನು ತೆರೆದು, ಆ ಮಾತು ಕೇಳಿಸಿಕೊಂಡವರೇ ಯೇಸುವಿನ ಹೆಸರಿನಲ್ಲಿ ಸ್ನಾನ ಕೊಟ್ಟದ್ದನ್ನು ಒಂದಾದ ಮೇಲೊಂದು ಓದಿದರು. "ಶಿಷ್ಯರಿಗೆ ಗೊತ್ತಿರಲಿಲ್ಲೇನ್ರಿ?" ಅಂದರು. ನಾನೂ ತಂದೆಯೂ ಒಂದು ಎಂದು ಯೇಸು ಹೇಳುವ ಮಾತು ಯೋಹಾನನಲ್ಲಿದೆ. ಅದು ಅವರ ಬಾಯಲ್ಲಿ ಸದಾ ಇರುತ್ತಿತ್ತು. ನಾನು ಮುಂದೆ ಓದಿದೆ: ತಂದೆ ನನಗಿಂತ ದೊಡ್ಡವನು ಎಂಬ ಮಾತೂ ಅದೇ ಯೋಹಾನನಲ್ಲಿತ್ತು. ಅದು ಅವರಿಗೆ ತೊಡಕಾಯಿತು. ಆದರೆ ಮೂವರೂ ಸಮ ಎಂದು ಬಾಯಿಪಾಠ ಮಾಡಿದ ನನಗೂ ತೊಡಕೇ. ಆ ವಾರ ಇಬ್ಬರೂ ಕಡಲೆಕಾಯಿ ಹೆಚ್ಚು ತಿಂದೆವು, ಮಾತು ಕಡಿಮೆ ಆಡಿದೆವು.

ಹೀಗೆ ಹೇಳಿದರೆ ಕಷ್ಟದ ದಿನಗಳು ಅನಿಸಬಹುದು. ಹಾಗಲ್ಲ. ಬೆಳಿಗ್ಗೆ ಎದ್ದಾಗಲೇ ಒಂದು ಹುರುಪು. ಕಾಜಾ ಬಟನ್ ಲೆಕ್ಕ ನೋಡುವಾಗಲೂ ತಲೆಯ ಒಂದು ಮೂಲೆಯಲ್ಲಿ ಯಾವುದೋ ವಚನ ತಿರುಗುತ್ತಿರುತ್ತಿತ್ತು. ಹಾದುಹೋಗುವಾಗ ದಾನಿಯೇಲಪ್ಪ, "ಅಕ್ಕಾರ, ಕೊಲೊಸ್ಸೆ ಓದಿದ್ರೇನ್ರಿ?" ಅನ್ನುವರು. "ಇನ್ನೂ ಕೊರಿಂಥದಲ್ಲಿದ್ದೀನಿ, ತಡೀರಿ" ಅನ್ನುವೆನು. ಅವು ಊರುಗಳ ಹೆಸರು ಹೊತ್ತ ಪತ್ರಗಳು. ಹುಡುಗಿಯರು, ಇಬ್ಬರೂ ಯಾವುದೋ ದೂರದ ಊರುಗಳಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಾರೆಂದು ಚೇಷ್ಟೆ ಮಾಡುತ್ತಿದ್ದರು.

ಆಗಸ್ಟ್ ಮುಗಿಯುವ ಹೊತ್ತಿಗೆ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಯ ಪುಟವೂ ಮುಗಿಯಿತು. ಪದ ಸಿಗಲಿಲ್ಲ. ತಿಂಗಳಿಗೊಮ್ಮೆ ನಮ್ಮ ಸಭೆಗೆ ಬರುತ್ತಿದ್ದ ಅಯ್ಯನವರನ್ನು, ಭಾನುವಾರ ಸಂಜೆಯ ಆರಾಧನೆ ಮುಗಿದು ಅವರು ಚಪ್ಪಲಿ ಮೆಟ್ಟುವಾಗ ಹಿಡಿದೆ.

"ಅಯ್ಯನವರೇ, ತ್ರಯೇಕ ಅನ್ನೋ ಪದ ಸತ್ಯವೇದದಲ್ಲಿ ಎಲ್ಲಿದೆ?"

"ಇಲ್ಲಮ್ಮ," ಅಂದರು ಅವರು, ಏನೂ ಆಗದವರ ಹಾಗೆ. "ಅದು ಸಭೆಯ ಹಿರಿಯರು ಆಮೇಲೆ ಕೊಟ್ಟ ಹೆಸರು. ಪುಸ್ತಕದಲ್ಲಿ ತಂದೆ ಇದ್ದಾನೆ, ಮಗ ಇದ್ದಾನೆ, ಆತ್ಮ ಇದ್ದಾನೆ, ದೇವರು ಒಬ್ಬನೇ ಅಂತಲೂ ಇದೆ. ಇದೆಲ್ಲ ಬಿಡದೆ ಹೇಳೋಕೆ ಒಂದು ಪದ ಬೇಕಾಯ್ತು."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲವಲ್ಲಮ್ಮ."

ಮನೆಗೆ ನಡೆಯುತ್ತ ಯೋಚಿಸಿದೆ. ಆ ಪದವನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಯೊರ್ದಾನ್ ಹೊಳೆಯನ್ನು ಅಷ್ಟು ಚೆನ್ನಾಗಿ ಹಿಡಿದಿಡುವ ಇನ್ನೊಂದು ಪದ ನನಗೆ ಗೊತ್ತಿಲ್ಲ. ಆದರೆ ದಾನಿಯೇಲಪ್ಪ ಕೇಳಿದ್ದು ಪದ ಅಲ್ಲಿದೆಯೇ ಎಂದು. ಅದಕ್ಕೆ ಉತ್ತರ ಒಂದೇ. ಆ ಉತ್ತರ ಕೊಟ್ಟರೆ ಅವರ ಷರತ್ತಿನ ಪ್ರಕಾರ ನಾನು ಸೋತೆ. ಹುಡುಗ ನಂಬಿಕೆಯಿಲ್ಲದ ಸ್ನಾನಕ್ಕೆ ಇಳಿಯಬೇಕು, ಇಲ್ಲವೇ ಹುಡುಗಿಯನ್ನು ಬಿಡಬೇಕು. ಮುಂದಿನ ಭಾನುವಾರದವರೆಗೆ ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ.

ಮರುದಿನ ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ದಾನಿಯೇಲಪ್ಪ ಮೇಜಿನ ಮೇಲೆ ಡೆನಿಮ್ ಹಾಸುತ್ತಿದ್ದರು. ಪಕ್ಕದಲ್ಲಿ ನಿಂತು ಹೇಳಿಬಿಟ್ಟೆ: "ಮಾಸ್ಟ್ರೇ, ಪೂರ್ತಿ ಹುಡುಕಿದೆ. ಪದ ಇಲ್ಲ."

ಅವರ ಕೈ ನಿಂತಿತು. ಕುಣಿಯುತ್ತಾರೆ ಎಂದುಕೊಂಡಿದ್ದೆ. ಕುಣಿಯಲಿಲ್ಲ. "ಇಲ್ಲ ಅಂತ ನೀವ ಹೇಳ್ತೀರೇನ್ರಿ?"

"ಇಲ್ಲದ್ದನ್ನ ಐತೆ ಅನ್ನೋಕಾಗುತ್ತಾ? ಆದ್ರೆ ನನ್ನದೊಂದು ಪ್ರಶ್ನೆ. ಗೆಲ್ಲೋಕಲ್ಲ, ನಿಜವಾಗ್ಲೂ ಕೇಳ್ತಿದ್ದೀನಿ. ತನ್ನನ್ನ ಶತ್ರುಗಳಿಗೆ ಹಿಡಿದುಕೊಟ್ಟ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಬೋರಲು ಬಿದ್ದು, ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆ ಆಗಲಿ ಅಂತ ಬೇಡ್ಕೊಂಡ. ಇರೋನು ಅವನೊಬ್ಬನೇ ಆದ್ರೆ, ಯಾರ ಹತ್ರ ಬೇಡ್ಕೊಂಡ?"

ಅವರು ಬಟ್ಟೆ ಹಾಸುವುದನ್ನು ಮುಂದುವರಿಸಿದರು. ನಾನು ನನ್ನ ಕೆಲಸಕ್ಕೆ ಹೋದೆ.

ಇಲ್ಲಿ ಹಾಸುವ ಕ್ರಮ ಹೇಳಬೇಕು. ಡೆನಿಮ್ಮನ್ನು ನಮ್ಮಲ್ಲಿ ಹೋಗುತ್ತ ಬರುತ್ತ ಮಡಚಿ ಹಾಸುತ್ತಿದ್ದರು. ಒಂದು ಪದರದ ಮುಖ ಮೇಲೆ, ಮುಂದಿನದರ ಮುಖ ಕೆಳಗೆ. ಹಾಗಾಗಿ ಒಂದು ಕಾಲಿನ ಪ್ಯಾಟರ್ನ್ ಇಟ್ಟು ಕತ್ತರಿಸಿದರೆ ಎಡಗಾಲು, ಬಲಗಾಲು ಎರಡೂ ಜೋಡಿಯಾಗಿ ಸಿಗುತ್ತಿದ್ದವು. ಹಿಂದಿನ ವಾರವೆಲ್ಲ ಗೆರೆಗೆರೆಯ ನವಿರಿರುವ ಕಾರ್ಡುರಾಯ್ ಬಟ್ಟೆಯ ಕೆಲಸ ಇತ್ತು. ಅದರ ನವಿರು ಒಂದೇ ದಿಕ್ಕಿಗಿರಬೇಕು. ಪ್ರತಿ ಪದರವನ್ನೂ ಕತ್ತರಿಸಿ, ಮುಖ ಮೇಲೆ ಮಾಡಿಯೇ ಹಾಸಬೇಕು. ಆಗ ಎರಡೂ ಕಾಲಿನ ಪ್ಯಾಟರ್ನ್ ಇಡುತ್ತಾರೆ. ಸೋಮವಾರ ದಾನಿಯೇಲಪ್ಪನ ಕೈ ಡೆನಿಮ್ಮನ್ನು ಕಾರ್ಡುರಾಯ್ ಹಾಗೆ ಹಾಸುತ್ತಿತ್ತು, ಇಟ್ಟ ಪ್ಯಾಟರ್ನ್ ಡೆನಿಮ್ಮಿನ ಒಂದೇ ಕಾಲಿನದು, ಮನಸ್ಸು ಗೆತ್ಸೆಮನೆಯಲ್ಲಿ.

ಮಧ್ಯಾಹ್ನ ಊಟದ ಮೇಲೆ ಎಸ್ತೇರು ಮೊದಲ ಕಟ್ಟನ್ನು ಬಿಚ್ಚಿದಳು. ಒಂದು ತುಂಡು ಎತ್ತಿದಳು, ಇನ್ನೊಂದು ಎತ್ತಿದಳು, ಎರಡನ್ನೂ ಒಂದರ ಪಕ್ಕ ಒಂದಿಟ್ಟು ತಿರುಗಿಸಿ ನೋಡಿದಳು. ಮತ್ತೊಂದು ಕಟ್ಟು ಬಿಚ್ಚಿದಳು. ಆಮೇಲೆ ಶೆಡ್ಡಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಅಪ್ಪಾ! ಎಲ್ಲಾ ಎಡಗಾಲ!"

ಮೆಷಿನ್ನುಗಳು ನಿಂತವು. ದಾನಿಯೇಲಪ್ಪ ಓಡಿಬಂದು ತುಂಡುಗಳನ್ನು ಮುಟ್ಟಿ ನೋಡಿದರು. ಕತ್ತರಿ ಹಿಡಿದ ಮೇಲೆ ಒಂದು ಜೇಬಿನ ಬಟ್ಟೆ ಹಾಳು ಮಾಡದ ಮನುಷ್ಯ. ಗೋಡೆಗೆ ಒರಗಿ ಕೂತುಬಿಟ್ಟರು. ತಿಪ್ಪೇಸ್ವಾಮಿಯವರು ಬಂದರು. ಬೈಯುತ್ತಾರೆ ಎಂದುಕೊಂಡೆವು. ಅವರು ಒಂದು ತುಂಡನ್ನು ತಮ್ಮ ಎಡಗಾಲಿಗೆ ಹಿಡಿದು ನೋಡಿ, "ಚಲೋ ಬಂದೈತಿ. ಪಾರ್ಟಿಗೆ ಏನಂತ ಹೇಳೂನ್ರಿ? ಈ ವರ್ಷ ಎಡಗಾಲು ತಗೋರಿ, ಬಲಗಾಲು ಮುಂದಿನ ಉಗಾದಿಗೆ ಅಂತ ಹೇಳೂಣೇನು?" ಅಂದರು. ಮೊದಲು ನಕ್ಕವಳು ಎಸ್ತೇರು. ಆಮೇಲೆ ಶೆಡ್ಡೇ ನಕ್ಕಿತು. ಕೊನೆಗೆ ಗೋಡೆಗೆ ಒರಗಿದ್ದವರೂ ನಕ್ಕರು.

ದಾರಿ ಇತ್ತು. ಆರ್ಡರ್ ಕೊಟ್ಟ ಅದೇ ಪಾರ್ಟಿಯ ಮುಂದಿನ ವಾರದ ಬಟ್ಟೆ ಗೋಡೌನಿನಲ್ಲಿತ್ತು. ಒಂದೇ ಬಣ್ಣದ ಲಾಟು. ಅದನ್ನೆಲ್ಲ ಮುಖ ಕೆಳಗೆ ಮಾಡಿ ಹಾಸಿ, ಅದೇ ಪ್ಯಾಟರ್ನ್ ಇಟ್ಟು ಕತ್ತರಿಸಿದರೆ ಎಲ್ಲಾ ಬಲಗಾಲು. ಮುಂದಿನ ವಾರದ ಕಟಿಂಗ್ ಈ ವಾರವೇ ಮುಗಿದಂತೆ. ನಾನು ಹುಡುಗಿಯರನ್ನು ಜೇಬಿನ ಕೆಲಸಕ್ಕೆ ಹಾಕಿ, ಮೇಜಿನ ಆ ತುದಿಗೆ ದಾನಿಯೇಲಪ್ಪನನ್ನೂ ಎಸ್ತೇರನ್ನೂ ನಿಲ್ಲಿಸಿ, ಈ ತುದಿಗೆ ನಾನು ನಿಂತೆ. ಪ್ರತಿ ಪದರಕ್ಕೂ, "ಮುಖ ಎಲ್ಲಿ?" ಎಂದು ನಾನು ಕೇಳುವುದು, "ಕೆಳಗ್ರಿ" ಎಂದು ಅವರು ಹೇಳುವುದು. ಹೊರಗೆ ನಿಜವಾದ ಮಳೆ ಹಿಡಿಯಿತು. ತಗಡಿನ ಸದ್ದಿಗೆ ಜೋರಾಗಿ ಕೂಗಿಯೇ ಮಾತಾಡಬೇಕಾಯಿತು.

ಅರ್ಧ ಹಾಸಿದ ಮೇಲೆ ದಾನಿಯೇಲಪ್ಪ ತಾವಾಗಿಯೇ ಅಂದರು: "ಗೊತ್ತಿಲ್ರಿ."

"ಏನು?" ಮಳೆಯಲ್ಲಿ ಕೇಳಿಸಲಿಲ್ಲ.

"ಯಾರ ಹತ್ರ ಬೇಡ್ಕೊಂಡ ಅಂತ ನಂಗ ಗೊತ್ತಿಲ್ರಿ! ಬೆಳಿಗ್ಗಿಂದ ಅದನ್ನ ನೆನಸ್ಲಿಕ್ಕತ್ತೀನಿ. ಒಬ್ಬನೇ ಅನ್ನೋದು ಬಿಡಾಂಗಿಲ್ಲ. ಆ ತೋಟದಾಗ ಮಾತ್ರ ತಂದಿ ಬ್ಯಾರೆ ಇದ್ದಂಗ ಕಾಣತೈತಿ."

ಎಸ್ತೇರು ಬಟ್ಟೆಯ ಅಂಚು ಸರಿಮಾಡುತ್ತ ತಲೆ ಎತ್ತದೆಯೇ ಹೇಳಿದಳು. "ಅಪ್ಪಾ, ಅಕ್ಕಾರು ಪದ ಇಲ್ಲ ಅಂದ್ರು. ನೀನು ಗೊತ್ತಿಲ್ಲ ಅಂದಿ. ಇಬ್ರೂ ಖರೇನ ಹೇಳೀರಿ. ಇನ್ನ ನನ್ನ ಮದುವಿಗೆ ಏನು ಅಡ್ಡಿ?"

ದಾನಿಯೇಲಪ್ಪ ನನ್ನ ಕಡೆ ನೋಡಿದರು. ನಾನು ಅವರ ಕಡೆ.

"ಹುಡುಗನ್ನ ಮತ್ತ ಮುಳುಗಿಸೋದು ಬ್ಯಾಡ್ರಿ," ಅಂದರು. "ಅವನ ಮನಸ್ಸಿಗೆ ಬಂದ್ರ ಬರಲಿ. ಆದ್ರ ಒಂದ ಮಾತು. ಮದುವಿ ದಿನ ನಿಮ್ಮ ಅಯ್ಯನವರು ಆ ಪದ ಹೇಳಬಾರದು. ನನ್ನ ಸಭೆಯವ್ರೂ ಕುಂತಿರ್ತಾರ."

"ಪದ ಹೇಳಲ್ಲ. ಪುಸ್ತಕದಲ್ಲಿರೋ ಮಾತೇ ಹೇಳಿಸ್ತೀನಿ. ತಂದೆಯ, ಮಗನ, ಪವಿತ್ರಾತ್ಮನ ಹೆಸರಲ್ಲಿ. ಮತ್ತಾಯ ಬರೆದಿದ್ದಾನೆ, ಅದಕ್ಕೆ ಬೇಡ ಅಂತೀರಾ?"

ಅವರು ಮುಖವೆಲ್ಲ ಅರಳಿ ನಕ್ಕರು. "ಅದಕ್ಕ ಬ್ಯಾಡ ಅನ್ನಾಕ ಬರಾಂಗಿಲ್ಲ. ಪುಸ್ತಕದಾಗ ಐತಿ. ನೀವು ಭಾಳ ಶಾಣ್ಯಾರದೀರಿ ಅಕ್ಕಾರ."

"ಮುಖ ಎಲ್ಲಿ?" ಅಂದೆ ನಾನು, ಮುಂದಿನ ಪದರ ಎಳೆಯುತ್ತ.

"ಕೆಳಗ್ರಿ!" ಎಂದರು ಅಪ್ಪ ಮಗಳು ಇಬ್ಬರೂ.

ತಿಪ್ಪೇಸ್ವಾಮಿಯವರು ಕೊಡೆ ಹಿಡಿದು ಎದುರಿನ ಅಂಗಡಿಯ ಕಾಯಿನ್ ಫೋನಿನಿಂದ ಬಳ್ಳಾರಿಗೆ ತಾವೇ ಫೋನ್ ಮಾಡಿ ಬಂದರು. "ಹುಡುಗ ಏನಂದ?" ಎಂದು ಕೇಳಿದೆ. "ಮುಳುಗೋದು ಇಲ್ವಾ ಅಂತ ಮೂರು ಸಲ ಕೇಳಿದ್ನ್ರಿ. ಈಜು ಕಲೀಲಿಕ್ಕೆ ಹೋಗಿದ್ನಂತ," ಅಂದರು.

ಬಲಗಾಲೆಲ್ಲ ಕತ್ತರಿಸಿ ಆದ ಮೇಲೆ ದಾನಿಯೇಲಪ್ಪ ಟವೆಲ್ಲಿನಿಂದ ಕೈ ಒರೆಸಿಕೊಂಡು, "ಅಕ್ಕಾರ, ಒಂದು ಪ್ರಾರ್ಥನೆ ಮಾಡ್ರಿ" ಅಂದರು. ನಾನು ಚಿಕ್ಕದಾಗಿ ಮಾಡಿದೆ. ಕೊನೆಗೆ ಎಂದಿನಂತೆ, ಯೇಸುವಿನ ಹೆಸರಿನಲ್ಲಿ ಬೇಡುತ್ತೇವೆ ತಂದೆಯೇ, ಎಂದಾಗ ಪಕ್ಕದಿಂದ ಅವರೂ ಅದೇ ಮಾತನ್ನು ಅದೇ ಉಸಿರಿನಲ್ಲಿ ಹೇಳುತ್ತಿದ್ದದ್ದು ಕೇಳಿಸಿತು. ಎರಡು ಸಭೆಗಳಲ್ಲೂ ಪ್ರಾರ್ಥನೆ ಮುಗಿಯುವುದು ಅದೇ ಮಾತಿನಿಂದ. ಆ ಮಳೆಗಾಲವೆಲ್ಲ ಅದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಆಮೆನ್ ಅಂದದ್ದು ತಿಪ್ಪೇಸ್ವಾಮಿಯವರು, ಎಲ್ಲರಿಗಿಂತ ಜೋರಾಗಿ.

ಎಡಗಾಲಿಗೆ ಬಲಗಾಲು ಸೇರಿಸಿ ಕಟ್ಟು ಕಟ್ಟಿ, ಮೆಷಿನ್ನಿನ ಸಾಲಿನ ಪ್ರಕಾರ ಜೋಡಿಸಿದೆವು. ಎಸ್ತೇರು ಚಿಂದಿ ಗುಡಿಸಿ ಗೋಣಿಗೆ ತುಂಬಿದಳು. ದಾನಿಯೇಲಪ್ಪ ಕಟಿಂಗ್ ಮೆಷಿನ್ನಿನ ಬ್ಲೇಡಿಗೆ ಎಣ್ಣೆ ಹಚ್ಚಿ ಹೊದಿಕೆ ಹಾಕಿದರು. ಮಳೆ ನಿಂತಿತ್ತು. ಹೊರಗೆ ಬಂದ ಮೇಲೆ ಅವರು ಚಪ್ಪಲಿಯಲ್ಲೇ ಕೆಸರು ಕೆದಕುತ್ತ ನಿಂತರು.

"ಭಾನುವಾರ ಮೂರಕ್ಕ ಬರ್ತೀರಲ್ರಿ?"

"ಯಾಕೆ? ಮದುವೆ ಮಾತು ಮುಗೀತಲ್ಲ."

"ಮದುವಿ ಮಾತು ಮುಗೀತ್ರಿ. ಆ ಇನ್ನೊಂದು ಎಲ್ಲಿ ಮುಗೀತು?"

"ಬರ್ತೀನಿ," ಅಂದೆ. ಶಟರ್ ಎಳೆದೆ, ಬೀಗ ಹಾಕಿದೆ, ಎರಡು ಸಲ ಜಗ್ಗಿ ನೋಡಿದೆ.